ಮೂವರು ಮತದಾರರು, ಏಳು ಮಂದಿ ಅಭ್ಯರ್ಥಿಗಳು

2016ರ ಏಪ್ರಿಲ್ ತಿಂಗಳಲ್ಲಿ ಬ್ರಿಟನ್ನಿನ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಕಣದಲ್ಲಿದ್ದವರು ಏಳು ಮಂದಿ, ಮತದಾರರು ಮೂವರು. ಮೂವರೂ ತಪ್ಪದೆ ಮತ ಹಾಕಿದರು. ಮೂರೂ ಮತಗಳು ವೈಕೌಂಟ್ ಥರ್ಸೋ ಅವರಿಗೇ ಬಿದ್ದವು. ನೂರಕ್ಕೆ ನೂರು ಮತದಾನ, ನೂರಕ್ಕೆ ನೂರು ಗೆಲುವು. ಸರ್ವಾಧಿಕಾರಿಗಳೂ ನಾಚುವಂಥ ಈ ಫಲಿತಾಂಶ ಬಂದದ್ದು ಸಂಸದೀಯ ಪ್ರಜಾಪ್ರಭುತ್ವದ ತವರೆಂದು ನಮಗೆಲ್ಲ ಶಾಲೆಯಲ್ಲಿ ಕಲಿಸಿದ ದೇಶದಲ್ಲಿ.

ಗೆದ್ದವರ ಹಿನ್ನೆಲೆಯನ್ನೂ ನೋಡಬೇಕು. ಥರ್ಸೋ ಅವರ ಅಜ್ಜ ಆರ್ಚಿಬಾಲ್ಡ್ ಸಿಂಕ್ಲೇರ್ ಲಿಬರಲ್ ಪಕ್ಷದ ನಾಯಕರಾಗಿದ್ದವರು, ಎರಡನೆಯ ಮಹಾಯುದ್ಧದಲ್ಲಿ ಚರ್ಚಿಲ್ ಸಂಪುಟದ ವಾಯುಪಡೆ ಸಚಿವರು. ಅಜ್ಜನ ಬಿರುದು ತಂದೆಗೆ, ತಂದೆಯಿಂದ ಮಗನಿಗೆ ಬಂತು. ಬಿರುದಿನ ಜೊತೆಗೆ ಲಾರ್ಡ್ಸ್ ಸಭೆಯ ಆಸನವೂ ಬಂತು. 1999ರ ಸುಧಾರಣೆಯಲ್ಲಿ ಆ ಆಸನ ಹೋಯಿತು. ಅವರು ಸುಮ್ಮನೆ ಕೂರದೆ 2001ರಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಯ ಕ್ಷೇತ್ರವೊಂದರಿಂದ ಕಾಮನ್ಸ್ ಸಭೆಗೆ ಸ್ಪರ್ಧಿಸಿ ಗೆದ್ದರು. ಇದು ಮೆಚ್ಚಬೇಕಾದ ನಡೆಯೇ. ಆದರೆ 2015ರ ಚುನಾವಣೆಯಲ್ಲಿ ಅದೇ ಕ್ಷೇತ್ರದ ಮತದಾರರು ಅವರನ್ನು ಸೋಲಿಸಿದರು. ಒಂದು ವರ್ಷ ಕಳೆಯುವುದರೊಳಗೆ ಅವರು ಮತ್ತೆ ಸಂಸತ್ತಿನಲ್ಲಿದ್ದರು. ಸಾವಿರಾರು ಜನ ಬೇಡವೆಂದವರನ್ನು ಮೂವರು ಬೇಕೆಂದರು; ಮೂವರ ಮಾತೇ ನಡೆಯಿತು.

ಈ ಪ್ರಸಂಗವನ್ನು ಬ್ರಿಟಿಷ್ ಪತ್ರಿಕೆಗಳು ತಮಾಷೆಯಾಗಿ ಬರೆದವು. ನಕ್ಕು ಮರೆತುಬಿಡುವುದು ಇಂಥ ವಿಷಯಗಳಿಗೆ ಈ ದೇಶ ಕಂಡುಕೊಂಡಿರುವ ಸುಲಭದ ಮದ್ದು. ಆದರೆ ನಡೆದದ್ದು ಆಕಸ್ಮಿಕವಲ್ಲ, ಕಾನೂನಿನ ಯಾವುದೋ ಬಿರುಕಿನಿಂದ ನುಸುಳಿದ್ದೂ ಅಲ್ಲ. ಸಂಸತ್ತೇ ಅಂಗೀಕರಿಸಿದ ಕಾಯಿದೆಯ ಪ್ರಕಾರ, ನಿಯಮದಲ್ಲಿ ಒಂದಕ್ಷರವೂ ತಪ್ಪದಂತೆ ನಡೆದ ಚುನಾವಣೆ ಅದು. ಹುಟ್ಟಿನ ಹಕ್ಕು ಚುನಾವಣೆಯ ಅಂಗಿ ತೊಟ್ಟು ಕಾಲು ಶತಮಾನ ಹೇಗೆ ಬಾಳಿತು ಎಂಬುದನ್ನು, ಹುಟ್ಟನ್ನೇ ಅರ್ಹತೆಯೆಂದು ಎಣಿಸುವ ಸಮಾಜದಿಂದ ಬಂದ ನಾವು ಗಂಭೀರವಾಗಿ ಗಮನಿಸಬೇಕಾಗಿದೆ.

1999ಕ್ಕೆ ಮೊದಲು ಲಾರ್ಡ್ಸ್ ಸಭೆಯಲ್ಲಿ ವಂಶಪಾರಂಪರ್ಯವಾಗಿ ಬಂದ ಸದಸ್ಯರೇ ಏಳು ನೂರಕ್ಕೂ ಹೆಚ್ಚು ಇದ್ದರು. ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಗಳ ಯಾವುದಾದರೊಂದು ಬಿರುದು ತಂದೆಯಿಂದ ಬಂದರೆ ಸಾಕು, ಕಾನೂನು ಮಾಡುವ ಅಧಿಕಾರವೂ ಜೊತೆಗೆ ಬರುತ್ತಿತ್ತು. 1997ರಲ್ಲಿ ಭಾರೀ ಬಹುಮತದಿಂದ ಗೆದ್ದ ಟೋನಿ ಬ್ಲೇರ್ ಸರ್ಕಾರ ಇವರೆಲ್ಲರನ್ನೂ ಹೊರಗೆ ಕಳಿಸುವುದಾಗಿ ಮಾತು ಕೊಟ್ಟಿತ್ತು. ಆಗ ಲಾರ್ಡ್ಸ್ ಸಭೆಯಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರಾಗಿದ್ದ ವೈಕೌಂಟ್ ಕ್ರ್ಯಾನ್‌ಬೋರ್ನ್ ತಮ್ಮ ಪಕ್ಷದ ಅಧ್ಯಕ್ಷ ವಿಲಿಯಂ ಹೇಗ್ ಅವರ ಬೆನ್ನ ಹಿಂದೆ ಸರ್ಕಾರದ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದರು. ಮಸೂದೆಗೆ ಮೇಲ್ಮನೆಯಲ್ಲಿ ದೊಡ್ಡ ತಡೆ ಒಡ್ಡುವುದಿಲ್ಲ, ಪ್ರತಿಯಾಗಿ ಒಂದು ಪಾಲನ್ನು ಉಳಿಸಿಕೊಡಿ ಎಂಬುದು ಒಪ್ಪಂದದ ಸಾರ. ವಿಷಯ ಬಯಲಾದಾಗ ಹೇಗ್ ಅವರನ್ನು ಹುದ್ದೆಯಿಂದ ತೆಗೆದುಹಾಕಿದರು. ಮಾಡಿದವರು ಹೋದರೂ ಒಪ್ಪಂದ ಉಳಿಯಿತು. 92 ಮಂದಿ ವಂಶಪಾರಂಪರ್ಯ ಸದಸ್ಯರು ತಾತ್ಕಾಲಿಕವಾಗಿ ಸಭೆಯಲ್ಲಿ ಮುಂದುವರಿಯುವರೆಂದು 1999ರ ಕಾಯಿದೆ ಹೇಳಿತು.

ಈ 92ರ ಲೆಕ್ಕ ಹೀಗಿದೆ. ಅರ್ಲ್ ಮಾರ್ಷಲ್ ಮತ್ತು ಲಾರ್ಡ್ ಗ್ರೇಟ್ ಚೇಂಬರ್ಲೇನ್ ಎಂಬ ಎರಡು ಅರಮನೆಯ ಹುದ್ದೆಗಳನ್ನು ಹೊಂದಿದವರು ಯಾವ ಚುನಾವಣೆಯೂ ಇಲ್ಲದೆ ಒಳಗಿದ್ದರು. ಉಪಸಭಾಪತಿ ಮುಂತಾದ ಜವಾಬ್ದಾರಿಗಳಿಗೆಂದು ಇಡೀ ಸಭೆ ಆರಿಸಿದವರು 15 ಮಂದಿ. ಉಳಿದ 75 ಸ್ಥಾನಗಳು, ಅಂದರೆ ಹೆಚ್ಚುಕಡಿಮೆ ಹಳೆಯ ಸಂಖ್ಯೆಯ ಹತ್ತರಲ್ಲೊಂದು ಪಾಲು, ಪಕ್ಷವಾರು ಹಂಚಿಕೆಯಾದವು. ಕನ್ಸರ್ವೇಟಿವರಿಗೆ 42, ಯಾವ ಪಕ್ಷಕ್ಕೂ ಸೇರದ ಕ್ರಾಸ್‌ಬೆಂಚ್ ಸದಸ್ಯರಿಗೆ 28, ಲಿಬರಲ್ ಡೆಮಾಕ್ರಾಟರಿಗೆ 3, ಲೇಬರ್ ಪಕ್ಷಕ್ಕೆ 2. ಆಯಾ ಪಕ್ಷದ ವಂಶಪಾರಂಪರ್ಯ ಲಾರ್ಡುಗಳೇ ತಮ್ಮೊಳಗಿಂದ ತಮ್ಮವರನ್ನು ಆರಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಕಾಲವೇ ಸಮಸ್ಯೆಯನ್ನು ಬಗೆಹರಿಸುತ್ತಿತ್ತು. ಒಬ್ಬೊಬ್ಬರೇ ತೀರಿಕೊಂಡಂತೆ 92 ತಾನಾಗಿ ಸೊನ್ನೆಗೆ ಇಳಿಯುತ್ತಿತ್ತು. ಆದರೆ ಸುಧಾರಣೆಯ ಎರಡನೆಯ ಹಂತ ನಿಗದಿತ ಅವಧಿಯಲ್ಲಿ ಬಾರದೆ ಹೋದರೆ ಖಾಲಿಯಾದ ಸ್ಥಾನಗಳನ್ನು ಉಪಚುನಾವಣೆಯ ಮೂಲಕ ತುಂಬಬೇಕೆಂಬ ಷರತ್ತೂ ಆ ಒಪ್ಪಂದದ ಫಲವಾಗಿ ಸೇರಿಕೊಂಡಿತ್ತು. ಎರಡನೆಯ ಹಂತ ಬರಲಿಲ್ಲ. 2002ರ ಕೊನೆಯ ಬಳಿಕ ತೆರವಾದ ಸ್ಥಾನಗಳಿಗೆಲ್ಲ ಉಪಚುನಾವಣೆ ಅನ್ವಯವಾಯಿತು. ಸ್ಪರ್ಧಿಸಲು ಬಯಸುವ ಬಿರುದುದಾರರ ಒಂದು ಪಟ್ಟಿ ಸಂಸತ್ತಿನ ಕಚೇರಿಯಲ್ಲಿತ್ತು. ಅಭ್ಯರ್ಥಿ ತನ್ನ ಬಗ್ಗೆ 75 ಪದಗಳಲ್ಲಿ ಒಂದು ಹೇಳಿಕೆ ಬರೆದುಕೊಟ್ಟರೆ ಆಯಿತು. ಆರಿಸಿ ಬಂದವರಿಗೆ ಅವಧಿಯಿಲ್ಲ. ತಾವಾಗಿ ನಿವೃತ್ತರಾಗದಿದ್ದರೆ, ಹಾಜರಿಯ ನಿಯಮ ತಪ್ಪದಿದ್ದರೆ, ಸಾಯುವವರೆಗೂ ಸದಸ್ಯರು. ತಾತ್ಕಾಲಿಕವೆಂದು ಬರೆದದ್ದಕ್ಕೆ ಹೀಗೆ ಚಿರಾಯುಸ್ಸಿನ ವರ ಸಿಕ್ಕಿತು.

ಈ ಏರ್ಪಾಟನ್ನು ಸಮರ್ಥಿಸುವವರು ಮುಂದಿಡುತ್ತಿದ್ದ ವಾದವೊಂದು ವಿಚಿತ್ರವಾಗಿದೆ: ಲಾರ್ಡ್ಸ್ ಸಭೆಯ ಉಳಿದವರೆಲ್ಲ ನೇಮಕಗೊಂಡವರು, ಚುನಾಯಿತರೆಂದು ಹೇಳಿಕೊಳ್ಳಬಲ್ಲವರು ನಾವು ಮಾತ್ರ. ಅಕ್ಷರಶಃ ನೋಡಿದರೆ ಮಾತು ನಿಜ. ಆದ್ದರಿಂದಲೇ ಚುನಾವಣೆ ಎಂಬ ಪದವನ್ನು ಬಿಡಿಸಿ ನೋಡಬೇಕಾಗುತ್ತದೆ. ಮತಪತ್ರ, ಪೆಟ್ಟಿಗೆ, ಎಣಿಕೆ ಇದ್ದ ಮಾತ್ರಕ್ಕೆ ಚುನಾವಣೆ ಆಗುವುದಿಲ್ಲ. ಯಾರು ನಿಲ್ಲಬಹುದು, ಯಾರು ಮತ ಹಾಕಬಹುದು, ಹಾಕಿದವರು ಮುಂದೊಂದು ದಿನ ಬೇಡವೆನ್ನಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿ ಅದರ ಜೀವವಿದೆ. ಇಲ್ಲಿ ನಿಲ್ಲುವ ಅರ್ಹತೆ ಹುಟ್ಟಿನಿಂದ ಬರುತ್ತಿತ್ತು. ಪಕ್ಷದ ಸ್ಥಾನಗಳಿಗೆ ಮತ ಹಾಕುವ ಅರ್ಹತೆಯೂ ಹುಟ್ಟಿನಿಂದಲೇ ಬರುತ್ತಿತ್ತು. ಬೇಡವೆನ್ನುವ ಹಕ್ಕು ಯಾರಿಗೂ ಇರಲಿಲ್ಲ. ಅಷ್ಟೇ ಅಲ್ಲ, ಪಕ್ಷಗಳ ಹಂಚಿಕೆಯೂ 1999ರ ಬಲಾಬಲದಲ್ಲೇ ಹೆಪ್ಪುಗಟ್ಟಿತ್ತು. ದೇಶದ ಮತದಾರರು ಯಾವ ಪಕ್ಷವನ್ನು ಎಷ್ಟು ಬಾರಿ ಸೋಲಿಸಿದರೂ ಕನ್ಸರ್ವೇಟಿವರ 42 ಸ್ಥಾನ ಕನ್ಸರ್ವೇಟಿವರಿಗೆ, ಲೇಬರ್ ಪಕ್ಷದ 2 ಸ್ಥಾನ ಲೇಬರ್ ಪಕ್ಷಕ್ಕೆ.

ಇದಕ್ಕೆ ನಮ್ಮ ಭಾಷೆಯಲ್ಲಿ ಸರಿಯಾದ ಹೆಸರು ಮೀಸಲಾತಿ. ಮೇಲಿದ್ದವರಿಗಾಗಿ, ಮೇಲಿದ್ದವರೇ ಬರೆದುಕೊಂಡ ಮೀಸಲಾತಿ. ಅನಿವಾಸಿ ಕನ್ನಡಿಗರ ಕೂಟಗಳಲ್ಲಿ ಊಟದ ಹೊತ್ತಿಗೆ ತಪ್ಪದೆ ಎದ್ದುನಿಲ್ಲುವ ಒಂದು ಚರ್ಚೆ ನಮಗೆಲ್ಲ ಗೊತ್ತಿದೆ: ಮೀಸಲಾತಿಯಿಂದ ಪ್ರತಿಭೆಗೆ ಅನ್ಯಾಯವಾಗುತ್ತದೆ, ಅದಕ್ಕೇ ನಾವು ದೇಶ ಬಿಟ್ಟು ಬಂದೆವು ಎಂಬ ಮಾತು. ಅದನ್ನು ಆಡುವವರು ತಾವು ನೆಲೆಸಿದ ದೇಶದ ಸಂಸತ್ತಿನ ಒಳಗೇ ಇದ್ದ ಈ ಮೀಸಲಾತಿಯನ್ನು ಕಂಡು ಹೌಹಾರಿದ್ದು ನನಗಂತೂ ಕೇಳಿಸಿಲ್ಲ. ಭಾರತದ ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬೇಕು ನಿಜ. ಆದರೆ ಮತ ಹಾಕುವವರು ಆ ಕ್ಷೇತ್ರದ ಎಲ್ಲ ಜಾತಿಗಳ ಎಲ್ಲ ವಯಸ್ಕರು, ಐದು ವರ್ಷಕ್ಕೊಮ್ಮೆ ಕೆಳಗಿಳಿಸುವವರೂ ಅವರೇ. ಸಾವಿರಾರು ವರ್ಷ ಹೊರಗಿಟ್ಟವರನ್ನು ಒಳಗೆ ಕರೆಯುವ ಆ ಏರ್ಪಾಟಿಗೂ, ಸಾವಿರ ವರ್ಷ ಒಳಗಿದ್ದವರನ್ನು ಒಳಗೇ ಉಳಿಸಿಕೊಳ್ಳುವ ಈ ಏರ್ಪಾಟಿಗೂ ಒಂದೇ ಪದವನ್ನು ಬಳಸಬೇಕಾಗಿ ಬಂದಿರುವುದು ಪದದ ದೌರ್ಭಾಗ್ಯ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೀಸಲಾತಿಯ ಒಳಗಿನ ಇನ್ನೊಂದು ಬಾಗಿಲೂ ಮುಚ್ಚಿಯೇ ಇತ್ತು. ಬಹುಪಾಲು ಬಿರುದುಗಳು ಗಂಡು ಸಂತಾನಕ್ಕೆ ಮಾತ್ರ ಸಲ್ಲುತ್ತವೆ. ಹಿರಿಯ ಮಗಳಿದ್ದರೂ ಕಿರಿಯ ಮಗನಿಗೆ, ಮಗನಿಲ್ಲದಿದ್ದರೆ ದೂರದ ದಾಯಾದಿಗೆ. ವಂಶಪಾರಂಪರ್ಯ ಬಿರುದುಳ್ಳ ಮಹಿಳೆಯರಿಗೆ ಲಾರ್ಡ್ಸ್ ಸಭೆಯಲ್ಲಿ ಕೂರಲು ಅವಕಾಶ ಸಿಕ್ಕಿದ್ದೇ 1963ರಲ್ಲಿ. 1999ರಲ್ಲಿ ಉಳಿದ 92 ಮಂದಿಯಲ್ಲಿ ಐವರು ಮಹಿಳೆಯರಿದ್ದರು. ನಂತರದ ಉಪಚುನಾವಣೆಗಳಲ್ಲಿ ಒಬ್ಬ ಮಹಿಳೆಯೂ ಗೆಲ್ಲಲಿಲ್ಲ. 2020ರಲ್ಲಿ ಕೌಂಟೆಸ್ ಆಫ್ ಮಾರ್ ನಿವೃತ್ತರಾದ ಮೇಲೆ ಆ ಸ್ಥಾನಗಳಲ್ಲಿ ಉಳಿದವರೆಲ್ಲ ಗಂಡಸರೇ. ಇಪ್ಪತ್ತೊಂದನೆಯ ಶತಮಾನದಲ್ಲಿ ಒಂದು ಸಂಸತ್ತಿನ ಹಲವು ಹತ್ತು ಸ್ಥಾನಗಳು ಕಾನೂನಿನ ನೆರಳಿನಲ್ಲಿ ಪುರುಷರಿಗೇ ಮೀಸಲಾಗಿದ್ದವು ಎಂಬುದನ್ನು ಬೇರೆ ಯಾವುದಾದರೂ ಖಂಡದ ಬಗ್ಗೆ ಹೇಳಿದ್ದರೆ ನಮ್ಮ ಲಂಡನ್ ಪತ್ರಿಕೆಗಳು ಸಂಪಾದಕೀಯ ಬರೆಯುತ್ತಿದ್ದವು.

ವ್ಯಕ್ತಿಗಳ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಥರ್ಸೋ ಅವರು ತುಂಬಿದ ಆ ಖಾಲಿ ಸ್ಥಾನ ಯಾರದು? ಎರಿಕ್ ಲಬಕ್, ಅಂದರೆ ಲಾರ್ಡ್ ಏವ್‌ಬರಿ ಅವರದು. 1962ರಲ್ಲಿ ಆರ್ಪಿಂಗ್ಟನ್ ಉಪಚುನಾವಣೆಯನ್ನು ಯಾರೂ ನಿರೀಕ್ಷಿಸದಂತೆ ಗೆದ್ದು ಲಿಬರಲ್ ಪಕ್ಷಕ್ಕೆ ಉಸಿರು ತುಂಬಿದವರು. 1970ರಲ್ಲಿ ಸೋತರು, ಮರುವರ್ಷ ದಾಯಾದಿಯೊಬ್ಬರ ಬಿರುದು ಅವರಿಗೆ ಬಂದು ಲಾರ್ಡ್ಸ್ ಸಭೆ ಸೇರಿದರು. ಮುಂದಿನ ನಾಲ್ಕು ದಶಕಗಳ ಕಾಲ ಲೋಕದ ಯಾವ ಮೂಲೆಯ ಸೆರೆಯಾಳಿಗಾದರೂ, ಗಡೀಪಾರಿನ ಭಯದಲ್ಲಿದ್ದ ಯಾವ ವಲಸಿಗನಿಗಾದರೂ ದನಿಯಾಗುತ್ತ ದುಡಿದರು. ಅವರು ಸಂಸತ್ತಿನಲ್ಲಿ ಇದ್ದದ್ದು ಬ್ರಿಟನ್ನಿಗೆ ಒಳಿತೇ ಆಯಿತು. ಆದರೆ ಒಳ್ಳೆಯ ರಾಜನಿದ್ದಾನೆಂಬುದು ಅರಸೊತ್ತಿಗೆಗೆ ಸಮರ್ಥನೆಯಾಗದಂತೆ, ಒಳ್ಳೆಯ ಲಾರ್ಡ್ ಇದ್ದರೆಂಬುದು ಹುಟ್ಟಿನ ಹಕ್ಕಿಗೆ ಸಮರ್ಥನೆಯಾಗದು. ದಾಯಾದಿಗೆ ಮಗನಿದ್ದಿದ್ದರೆ ಏವ್‌ಬರಿ ಅಲ್ಲಿರುತ್ತಿರಲಿಲ್ಲ. ಅಂಥವರು ಸಂಸತ್ತಿಗೆ ಬರುವುದು ದಾಯಾದಿಗಳ ವಂಶವೃಕ್ಷವನ್ನು ಅವಲಂಬಿಸಬಾರದು ಎಂಬುದಷ್ಟೇ ವಾದ.

ಇಡೀ ಕಥೆಯ ವ್ಯಂಗ್ಯವನ್ನು ತಿಳಿಯಲು ಬೆನ್ ಮನೆತನದ ಮೂರು ತಲೆಮಾರುಗಳನ್ನು ನೋಡಿದರೆ ಸಾಕು. ಭಾರತೀಯರಿಗೆ ಈ ಮನೆತನ ಅಪರಿಚಿತವಲ್ಲ. ವಿಲಿಯಂ ವೆಜ್‌ವುಡ್ ಬೆನ್ 1929ರಿಂದ 1931ರವರೆಗೆ ಭಾರತ ವ್ಯವಹಾರಗಳ ಸಚಿವರಾಗಿದ್ದವರು. ಉಪ್ಪಿನ ಸತ್ಯಾಗ್ರಹವೂ ಮೊದಲ ದುಂಡುಮೇಜಿನ ಪರಿಷತ್ತೂ ನಡೆದದ್ದು ಅವರ ಕಾಲದಲ್ಲಿ. 1942ರಲ್ಲಿ ಅವರಿಗೆ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಎಂಬ ವಂಶಪಾರಂಪರ್ಯ ಬಿರುದು ಬಂತು. ಲಾರ್ಡ್ಸ್ ಸಭೆಯಲ್ಲಿ ಲೇಬರ್ ಪಕ್ಷದ ದನಿ ಹೆಚ್ಚಿಸುವುದು ಅದರ ಉದ್ದೇಶವಾಗಿತ್ತು. ಹಿರಿಯ ಮಗ ಯುದ್ಧದಲ್ಲಿ ತೀರಿಕೊಂಡಾಗ ವಾರಸುದಾರಿಕೆ ಟೋನಿ ಬೆನ್ ಅವರ ಪಾಲಿಗೆ ಬಂತು. ಟೋನಿ 1950ರಿಂದ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದ ಕಾಮನ್ಸ್ ಸದಸ್ಯರು. 1960ರ ನವೆಂಬರಿನಲ್ಲಿ ತಂದೆ ತೀರಿಕೊಂಡ ಗಳಿಗೆಯಲ್ಲೇ ಮಗ, ತಾನು ಬಯಸದಿದ್ದರೂ, ಲಾರ್ಡ್ ಆದರು. ಕಾಮನ್ಸ್ ಸಭೆಯ ಬಾಗಿಲು ಅವರಿಗೆ ಮುಚ್ಚಿತು. 1961ರ ಉಪಚುನಾವಣೆಯಲ್ಲಿ ಅನರ್ಹರೆಂದು ತಿಳಿದೂ ನಿಂತರು, ಜನ ತಿಳಿದೂ ಗೆಲ್ಲಿಸಿದರು. ಚುನಾವಣಾ ನ್ಯಾಯಾಲಯ ಆ ಗೆಲುವನ್ನು ರದ್ದುಮಾಡಿ ಸ್ಥಾನವನ್ನು ಸೋತ ಕನ್ಸರ್ವೇಟಿವ್ ಅಭ್ಯರ್ಥಿಗೆ ಕೊಟ್ಟಿತು. ಆ ಅಭ್ಯರ್ಥಿಯೂ ಇನ್ನೊಂದು ಲಾರ್ಡ್ ಬಿರುದಿನ ವಾರಸುದಾರರೇ ಆಗಿದ್ದರು! ಬೆನ್ ಹೋರಾಟ ಬಿಡಲಿಲ್ಲ. 1963ರಲ್ಲಿ ಬಿರುದನ್ನು ತ್ಯಜಿಸಲು ಅವಕಾಶ ಕೊಡುವ ಕಾಯಿದೆ ಬಂತು. ಅದರ ಅಡಿಯಲ್ಲಿ ಮೊದಲು ತ್ಯಜಿಸಿದವರು ಅವರೇ. ಮತ್ತೆ ಬ್ರಿಸ್ಟಲಿನ ಜನರ ಮುಂದೆ ಹೋಗಿ ಗೆದ್ದುಬಂದರು.

ಆದರೆ ಆ ಕಾಯಿದೆ ತ್ಯಜಿಸಿದವರ ಜೀವಿತಾವಧಿಗೆ ಮಾತ್ರ ಅನ್ವಯಿಸುವಂಥದು. ತಂದೆ ಬಿಸುಟ ಬಿರುದು ಮಗನಿಗಾಗಿ ಕಾದು ಕುಳಿತಿರುತ್ತದೆ. 2014ರಲ್ಲಿ ಟೋನಿ ಬೆನ್ ತೀರಿಕೊಂಡಾಗ ಹಿರಿಯ ಮಗ ಸ್ಟೀಫನ್ ಮೂರನೆಯ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಆದರು. 2021ರ ಜುಲೈಯಲ್ಲಿ ಲೇಬರ್ ಪಕ್ಷದ ವಂಶಪಾರಂಪರ್ಯ ಸ್ಥಾನವೊಂದಕ್ಕೆ ಅವಿರೋಧವಾಗಿ ಆಯ್ಕೆಯಾಗಿ ಲಾರ್ಡ್ಸ್ ಸಭೆ ಸೇರಿದರು. ಅವರು ನಿಯಮ ಮೀರಲಿಲ್ಲ. ಇದ್ದ ಬಾಗಿಲಿನಿಂದಲೇ ಒಳಗೆ ಹೋದರು. ತಂದೆ ಮೂರು ವರ್ಷ ಹೋರಾಡಿ ಹೊರಬಂದ ಮನೆಗೆ ಮಗ ಎದುರಾಳಿಯೇ ಇಲ್ಲದೆ ಹೊಕ್ಕರೆಂದರೆ ದೋಷ ಮಗನದಲ್ಲ, ಬಾಗಿಲಿನದು. ಹುಟ್ಟಿನ ಹಕ್ಕನ್ನು ವ್ಯಕ್ತಿ ತ್ಯಾಗ ಮಾಡಬಹುದು, ವ್ಯವಸ್ಥೆ ಅದನ್ನು ಮರೆಯುವುದಿಲ್ಲ. ಜಾತಿಯನ್ನು ಬಿಟ್ಟೆನೆಂದು ಘೋಷಿಸಿದವರ ಮಕ್ಕಳ ಮದುವೆಯ ಹೊತ್ತಿಗೆ ಜಾತಿ ಮತ್ತೆ ಅಂಗಳಕ್ಕೆ ಬಂದು ನಿಲ್ಲುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥದೇ ಒಂದು ಮೇಲ್ಮನೆ ನಮ್ಮ ಮೇಲೂ ಬಂದು ಕೂರುವುದರಲ್ಲಿತ್ತು ಎಂಬುದನ್ನು ನೆನೆಯಬೇಕು. 1935ರ ಭಾರತ ಸರ್ಕಾರ ಕಾಯಿದೆ ಕಲ್ಪಿಸಿದ ಒಕ್ಕೂಟದ ಮೇಲ್ಮನೆಯಲ್ಲಿ 260 ಸ್ಥಾನಗಳಿದ್ದವು; ಅವುಗಳಲ್ಲಿ 104 ದೇಶೀಯ ಸಂಸ್ಥಾನಗಳಿಗೆ ಮೀಸಲು. ಆ ಪ್ರತಿನಿಧಿಗಳನ್ನು ಆರಿಸುವವರು ಸಂಸ್ಥಾನದ ಪ್ರಜೆಗಳಲ್ಲ, ಅರಸರು. ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಇದ್ದರೂ ಒಕ್ಕೂಟದ ಸಂಸತ್ತಿಗೆ ಹೋಗಬೇಕಾಗಿದ್ದವರು ಮಹಾರಾಜರ ನಾಮಕರಣದಿಂದಲೇ ಹೋಗಬೇಕಾಗಿತ್ತು. ಸಾಕಷ್ಟು ಅರಸರು ಒಪ್ಪಿಗೆ ಕೊಡದೆ, ಯುದ್ಧವೂ ಬಂದು, ಆ ಭಾಗ ಜಾರಿಯಾಗಲೇ ಇಲ್ಲ. 1947ರ ಮೈಸೂರು ಚಲೋ ಚಳವಳಿಯ ಒತ್ತಡಕ್ಕೆ ಮಹಾರಾಜರು ಮಣಿದರು; ಕೆ.ಸಿ. ರೆಡ್ಡಿ ಅವರ ಜವಾಬ್ದಾರಿ ಸರ್ಕಾರ ಬಂತು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಗೊಳಿಸಿತು. 1971ರ 26ನೆಯ ತಿದ್ದುಪಡಿ ರಾಜಧನವನ್ನೂ ಅರಸರೆಂಬ ಮಾನ್ಯತೆಯನ್ನೂ ತೆಗೆದುಹಾಕಿತು. ಆಮೇಲೆ ಮೈಸೂರಿನ ಅರಸುಮನೆತನದವರು ಸಂಸತ್ತಿಗೆ ಬರಲಿಲ್ಲವೆಂದಲ್ಲ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನಾಲ್ಕು ಬಾರಿ ಗೆದ್ದರು, ಸೋತದ್ದೂ ಉಂಟು. ಯದುವೀರ ಒಡೆಯರ್ 2024ರಲ್ಲಿ ಮೈಸೂರು-ಕೊಡಗು ಕ್ಷೇತ್ರದಿಂದ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಅವರ ಪಕ್ಷದ ರಾಜಕಾರಣವನ್ನು ನಾವು ಒಪ್ಪದಿರಬಹುದು. ಆದರೆ ಥರ್ಸೋ ಅವರಿಗೆ ಬೇಕಾದದ್ದು ಮೂವರ ಒಪ್ಪಿಗೆ. ಯದುವೀರರಿಗೆ ಬೇಕಾದದ್ದು ಲಕ್ಷಾಂತರ ಜನರ ಒಪ್ಪಿಗೆ. ಆ ಲಕ್ಷಾಂತರ ಜನರಲ್ಲಿ ಅರಮನೆಯ ಮುಂದೆ ತಲೆಯೆತ್ತಿ ನಿಲ್ಲಲು ಅವಕಾಶವೇ ಇರದಿದ್ದವರ ಮೊಮ್ಮಕ್ಕಳೂ ಇದ್ದಾರೆ.

ಹಾಗೆಂದು ನಾವು ಬೀಗುವಂತಿಲ್ಲ. ಕರ್ನಾಟಕದಲ್ಲಿ ತಂದೆ ಮತ್ತು ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಮನೆತನಗಳು ಎರಡಿವೆ: ದೇವೇಗೌಡರದು, ಬೊಮ್ಮಾಯಿಯವರದು. ಯಾವ ಪಕ್ಷದ ಟಿಕೆಟ್ ಪಟ್ಟಿ ತೆರೆದರೂ ಮಗ, ಮಗಳು, ಸೊಸೆ, ಅಳಿಯ, ತಮ್ಮ ಎಂಬ ವಂಶವೃಕ್ಷವೇ ಕಾಣುತ್ತದೆ. ವಿಧಾನ ಪರಿಷತ್ತಿನ 75 ಸ್ಥಾನಗಳು ಪದವೀಧರರ, ಶಿಕ್ಷಕರ, ಸ್ಥಳೀಯ ಸಂಸ್ಥೆಗಳ ದನಿಗಾಗಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಜನರ ಮುಂದೆ ಸೋತವರಿಗೆ ನೆರಳಾಗಿ ಅವು ಎಷ್ಟೋ ಬಾರಿ ಬಳಕೆಯಾಗಿವೆ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಗೆ ಕಾಲಿಡುತ್ತಿದ್ದೇವೆಂದು 1949ರ ನವೆಂಬರಿನಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ವಂಶಕ್ಕೆ ಅನುಕೂಲವಿದೆ, ಹಕ್ಕಿಲ್ಲ. ಅನುಕೂಲವನ್ನು ಜನ ಒಂದು ಚುನಾವಣೆಯಲ್ಲಿ ಕಿತ್ತುಕೊಳ್ಳಬಹುದು, ಕಿತ್ತುಕೊಂಡದ್ದೂ ಇದೆ. ಹಕ್ಕನ್ನು ಕೀಳಲು ಕಾಯಿದೆಯೇ ಬೇಕು. ಆ ಕಾಯಿದೆಗೆ ಹಕ್ಕುದಾರರ ಸಭೆಯೂ ಒಪ್ಪಬೇಕು, ಇಲ್ಲವೇ ಸರ್ಕಾರ ಅವರ ತಡೆಯನ್ನು ಮೀರುವ ದೀರ್ಘ ದಾರಿ ಹಿಡಿಯಬೇಕು.

ಇಲ್ಲಿ ಪ್ರಗತಿಪರರಾದ ನಮಗೇ ತೊಡಕಾಗಿರುವ ಪ್ರಶ್ನೆಯೊಂದಿದೆ. 2024ರಲ್ಲಿ ಆಶ್ರಯ ಕೋರಿ ಬಂದವರನ್ನು ರುವಾಂಡಾಕ್ಕೆ ಕಳಿಸುವ ಮಸೂದೆ ಬಂದಾಗ ಅದಕ್ಕೆ ಮತ್ತೆ ಮತ್ತೆ ತಿದ್ದುಪಡಿ ಹಾಕಿ ಹಿಂದಕ್ಕೆ ಕಳಿಸಿದ್ದು ಚುನಾಯಿತ ಕಾಮನ್ಸ್ ಸಭೆಯಲ್ಲ, ಲಾರ್ಡ್ಸ್ ಸಭೆ. ವಲಸಿಗರಾದ ನಮ್ಮಲ್ಲಿ ಹಲವರು ಆ ದಿನಗಳಲ್ಲಿ ಲಾರ್ಡುಗಳ ಭಾಷಣಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ಖುಷಿಪಟ್ಟರು. ಹಾಗಿದ್ದ ಮೇಲೆ ಈ ಸಭೆಯನ್ನು ಅಲುಗಾಡಿಸುವುದೇಕೆ? ಬಹುಮತದ ಅಬ್ಬರಕ್ಕೆ ಇದೊಂದು ಕಡಿವಾಣವಲ್ಲವೇ?

ಕಡಿವಾಣ ಬೇಕು, ಆದರೆ ಅದು ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. 1893ರಲ್ಲಿ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಮಸೂದೆಯನ್ನು ಕಾಮನ್ಸ್ ಸಭೆ ಅಂಗೀಕರಿಸಿತ್ತು. 41ರ ಎದುರು 419 ಮತಗಳಿಂದ ಅದನ್ನು ತಿರಸ್ಕರಿಸಿದ್ದು ಇದೇ ಮೇಲ್ಮನೆ. ಭೂಮಾಲೀಕರ ಮೇಲೆ ತೆರಿಗೆ ಹಾಕಿ ವೃದ್ಧರ ಪಿಂಚಣಿ ಮುಂತಾದವಕ್ಕೆ ಹಣ ಹೊಂದಿಸಲು ಲಾಯ್ಡ್ ಜಾರ್ಜ್ 1909ರಲ್ಲಿ ಮಂಡಿಸಿದ ಆಯವ್ಯಯವನ್ನು ಬೀಳಿಸಿದ್ದೂ ಇದೇ ಸಭೆ, ಏಕೆಂದರೆ ಭೂಮಾಲೀಕರು ಅಲ್ಲೇ ಕೂತಿದ್ದರು. ಆ ಜಗಳದ ಫಲವಾಗಿ ಬಂದ 1911ರ ಕಾಯಿದೆಯ ಪೀಠಿಕೆಯಲ್ಲಿ, ವಂಶದ ಬದಲು ಜನಾಧಾರದ ಮೇಲೆ ಎರಡನೆಯ ಸದನವನ್ನು ರಚಿಸುವ ಉದ್ದೇಶವಿದೆಯೆಂದು ಸ್ಪಷ್ಟವಾಗಿ ಬರೆಯಲಾಯಿತು. ನೂರು ವರ್ಷ ಕಳೆದರೂ ಆ ಉದ್ದೇಶ ಪೀಠಿಕೆಯಲ್ಲೇ ಉಳಿಯಿತು. ಇಂದು ನಮ್ಮ ಪರವಾಗಿ ಎಳೆದ ಕಡಿವಾಣ ನಾಳೆ ನಮ್ಮ ಕೊರಳಿಗೇ ಬಿದ್ದರೆ ಕೇಳಲು ನಮಗೆ ಯಾವ ಹಕ್ಕಿದೆ? ರುವಾಂಡಾ ಮಸೂದೆಯ ಕಥೆಯೂ ಕೊನೆಗೆ ಆದದ್ದೇನು? ಹಲವು ಸುತ್ತು ಹಗ್ಗಜಗ್ಗಾಟದ ನಂತರ ಲಾರ್ಡ್ಸ್ ಸಭೆ ಹಿಂದೆ ಸರಿಯಿತು, ಮಸೂದೆ ಕಾಯಿದೆಯಾಯಿತು. ತಾವು ಯಾರಿಂದಲೂ ಆರಿಸಿ ಬಂದವರಲ್ಲ ಎಂಬ ಅರಿವೇ ಅವರ ಕೈಯನ್ನು ಕಟ್ಟುತ್ತದೆ. ಜನರ ಬಲವಿಲ್ಲದ ಮೇಲ್ಮನೆ ಒಳ್ಳೆಯ ಕೆಲಸವನ್ನೂ ಅಂಜಿಕೆಯಿಂದಲೇ ಮಾಡಬೇಕಾಗುತ್ತದೆ.

ಸುಧಾರಣೆಯ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 2012ರಲ್ಲಿ ನಿಕ್ ಕ್ಲೆಗ್ ಮಂಡಿಸಿದ ಮಸೂದೆ ಲಾರ್ಡ್ಸ್ ಸಭೆಯ ಶೇಕಡ 80ರಷ್ಟು ಸದಸ್ಯರನ್ನು ಜನರಿಂದ ಆರಿಸುವ ಗುರಿ ಹೊಂದಿತ್ತು. ಕಾಮನ್ಸ್ ಸಭೆಯಲ್ಲಿ 462 ಮಂದಿ ಅದರ ಪರವಾಗಿ ಮತ ಹಾಕಿದರೂ, 91 ಕನ್ಸರ್ವೇಟಿವ್ ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ನಿಂತದ್ದರಿಂದ ಮಸೂದೆಯನ್ನು ಕೈಬಿಡಲಾಯಿತು. ಉಪಚುನಾವಣೆಗಳನ್ನಾದರೂ ನಿಲ್ಲಿಸೋಣವೆಂದು ಲೇಬರ್ ಪಕ್ಷದ ಲಾರ್ಡ್ ಗ್ರೊಕಾಟ್ 2016ರಿಂದ ಪದೇಪದೇ ಖಾಸಗಿ ಮಸೂದೆ ತಂದರು. ಸಭೆಯ ಬಹುಪಾಲು ಅವರ ಪರವಾಗಿತ್ತು. ಕೆಲವೇ ಸದಸ್ಯರು ತಿದ್ದುಪಡಿಗಳ ರಾಶಿ ಸುರಿದು ಸಮಯ ತಿಂದುಹಾಕಿದರು. 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ವಂಶಪಾರಂಪರ್ಯ ಸದಸ್ಯರೆಲ್ಲರ ಹಕ್ಕನ್ನೂ ಕೊನೆಗೊಳಿಸುವ ಮಸೂದೆಯನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಮಂಡಿಸಿತು, ಉಪಚುನಾವಣೆಗಳನ್ನೂ ನಿಲ್ಲಿಸಲಾಯಿತು. ಇದು ಸರಿಯಾದ ಹೆಜ್ಜೆ, ಸ್ವಾಗತಿಸಬೇಕಾದ ಹೆಜ್ಜೆ.

ಆದರೆ ಹುಟ್ಟಿನ ಬಾಗಿಲು ಮುಚ್ಚಿದ ಮೇಲೆ ಉಳಿಯುವ ಬಾಗಿಲು ಯಾವುದು ಎಂದು ಕೇಳದೆ ಚಪ್ಪಾಳೆ ತಟ್ಟಿದರೆ 1999ರ ಪಾಠವನ್ನು ನಾವು ಕಲಿಯಲಿಲ್ಲವೆಂದೇ ಅರ್ಥ. 26 ಮಂದಿ ಆಂಗ್ಲಿಕನ್ ಬಿಷಪ್ಪರ ಸ್ಥಾನಗಳು ಆ ಮಸೂದೆಯ ವ್ಯಾಪ್ತಿಗೆ ಬರುವುದಿಲ್ಲ. ಉಳಿದವರನ್ನೆಲ್ಲ ಬಹುಮಟ್ಟಿಗೆ ಆರಿಸುವವರು ಪ್ರಧಾನಿ. ಎಷ್ಟು ಜನರನ್ನು ಬೇಕಾದರೂ ಆರಿಸಬಹುದು. ಕೇವಲ 49 ದಿನ ಅಧಿಕಾರದಲ್ಲಿದ್ದ ಲಿಜ್ ಟ್ರಸ್ ಕೂಡ ಪದತ್ಯಾಗದ ಗೌರವಪಟ್ಟಿಯಲ್ಲಿ ಮೂವರನ್ನು ಆಜೀವ ಸದಸ್ಯರನ್ನಾಗಿ ಮಾಡಿದರು. ಪಕ್ಷಕ್ಕೆ ದೇಣಿಗೆ ಕೊಟ್ಟವರು, ಸೋತ ಮಂತ್ರಿಗಳು, ಆಪ್ತ ಸಲಹೆಗಾರರು ಎಲ್ಲ ಪಕ್ಷಗಳ ಪಟ್ಟಿಗಳಲ್ಲೂ ಇದ್ದಾರೆ. ವಂಶದ ಜಾಗದಲ್ಲಿ ಕೃಪೆಯನ್ನು ಕೂರಿಸುವುದು ಸುಧಾರಣೆಯ ಅರ್ಧವಷ್ಟೇ. ಅರ್ಧ ಸುಧಾರಣೆ ಎಷ್ಟು ಕಾಲ ಬಾಳಬಲ್ಲದೆಂಬುದಕ್ಕೆ 92 ಮಂದಿಯ ಕಾಲು ಶತಮಾನವೇ ಸಾಕ್ಷಿ. ರಾಷ್ಟ್ರಗಳನ್ನೂ ಪ್ರಾಂತಗಳನ್ನೂ ಪ್ರತಿನಿಧಿಸುವ ಪರ್ಯಾಯ ಮೇಲ್ಮನೆಯನ್ನು ತರುವುದಾಗಿ ಲೇಬರ್ ಪಕ್ಷ ತನ್ನ 2024ರ ಪ್ರಣಾಳಿಕೆಯಲ್ಲಿ ಬರೆದಿದೆ. ಅದು ಇನ್ನೊಂದು 1911ರ ಪೀಠಿಕೆಯಾಗದಂತೆ ನೋಡಿಕೊಳ್ಳುವ ಕೆಲಸ ಮತದಾರರದು.

ಆ ಮತದಾರರಲ್ಲಿ ನಾವೂ ಇದ್ದೇವೆ. ಭಾರತದ ಪಾಸ್‌ಪೋರ್ಟ್ ಹಿಡಿದು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ ದಾದಿ, ಸಾಫ್ಟ್‌ವೇರ್ ಉದ್ಯೋಗಿ, ವಿದ್ಯಾರ್ಥಿ, ಎಲ್ಲರೂ ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಲ್ಲರು. ಎಷ್ಟೋ ಮಂದಿಗೆ ಇದು ತಿಳಿದೇ ಇಲ್ಲ. ತಿಳಿದವರಲ್ಲೂ ಹೆಸರು ನೋಂದಾಯಿಸದವರು ಬಹಳ. ನಿನ್ನೆ ಮೊನ್ನೆ ಬಂದ ನಮಗೆ ಕೆಳಮನೆಯನ್ನು ಆರಿಸುವ ಹಕ್ಕಿದೆ. ಮೇಲ್ಮನೆಯನ್ನು ಆರಿಸುವ ಹಕ್ಕು ಈ ನೆಲದಲ್ಲಿ ಹತ್ತು ತಲೆಮಾರಿನಿಂದ ದುಡಿದ ಗಣಿಕಾರ್ಮಿಕನ ಮೊಮ್ಮಗಳಿಗೂ ಇಲ್ಲ. ಎರಡನೆಯ ಹಂತ ಯಾವಾಗ, ಮೇಲ್ಮನೆಗೆ ಮತ ಹಾಕುವವರು ಯಾರು, ಹಾಕಿದ ಮತವನ್ನು ಹಿಂತೆಗೆದುಕೊಳ್ಳುವ ಅವಧಿ ಎಷ್ಟು ಎಂದು ನಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ಒಂದು ಪತ್ರ ಬರೆಯಲು ಯಾವ ಬಿರುದೂ ಬೇಕಾಗಿಲ್ಲ.

2015ರಿಂದ ಥೇಮ್ಸ್ ನದಿಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಸಂಸತ್ ಭವನದ ಆಚೆ ದಡದಲ್ಲಿ, ಬಸವಣ್ಣನವರ ಪ್ರತಿಮೆ ನಿಂತಿದೆ. ಪ್ರತಿವರ್ಷ ಅಲ್ಲಿ ಮಾಲೆ ಹಾಕಿ, ಜಗತ್ತಿನ ಮೊದಲ ಸಂಸತ್ತು ನಮ್ಮದೆಂದು ಹೆಮ್ಮೆಪಡುತ್ತೇವೆ. ಹೆಮ್ಮೆ ಸುಲಭ. ಹನ್ನೆರಡನೆಯ ಶತಮಾನದ ಆ ಶರಣರ ಕೂಟವನ್ನು ಸಂಸತ್ತೆಂದು ಕರೆಯಬಹುದೋ ಇಲ್ಲವೋ ಎಂಬುದು ಇತಿಹಾಸಕಾರರ ಚರ್ಚೆ. ಆದರೆ ಅಲ್ಲಿಗೆ ಬಂದವರಲ್ಲಿ ಮಾದಾರ, ಡೋಹರ, ಅಂಬಿಗ, ಮಡಿವಾಳರಿದ್ದರು, ಹೆಣ್ಣುಮಕ್ಕಳಿದ್ದರು, ಅವರನ್ನು ಯಾರ ಮಗನೆಂದು ಕೇಳಿ ಒಳಗೆ ಬಿಡಲಿಲ್ಲ ಎಂಬುದರಲ್ಲಿ ಅದರ ಸತ್ವವಿದೆ. ಆ ಸತ್ವವನ್ನು ಒಪ್ಪುವವರು ನದಿಯ ಈಚೆ ದಡದಲ್ಲಿ ಮಾಲೆ ಹಾಕಿ ಆಚೆ ದಡದ ಬಗ್ಗೆ ಸುಮ್ಮನಿರಲಾಗದು. ಬಳಿಕ ಮನೆಗೆ ಬಂದು ಮಕ್ಕಳ ಸಂಬಂಧ ಹುಡುಕುವಾಗ ಯಾರ ಮಗ, ಯಾವ ಪಂಗಡ ಎಂದು ಕೇಳಲೂ ಆಗದು.